ಶಾಲೆಗೆ ವಸತಿ ಜಾಗ: ಬೇಕು-ಬೇಡ ಎನ್ನುವ ಮೊದಲು ರಸ್ತೆ ಅಳೆಯೋಣ

ಮಾನ್ಯ ಸಂಪಾದಕರೇ,

ಮೈಸೂರಿನ ವರ್ತುಲ ರಸ್ತೆಯ ಆಚೀಚೆ, ಬೋಗಾದಿ, ದಟ್ಟಗಳ್ಳಿ, ಶ್ರೀರಾಂಪುರ, ಆಲನಹಳ್ಳಿ ಕಡೆಗಳಲ್ಲಿ ಮನೆಗಳು ಎದ್ದಷ್ಟು ಬೇಗ ಶಾಲೆಗಳು ಎದ್ದಿಲ್ಲ. ಹಾಗಾಗಿ ವಸತಿಗೆಂದು ಗುರುತಿಸಿದ ಎರಡು ಎಕರೆಯನ್ನೋ ಮೂರು ಎಕರೆಯನ್ನೋ ಶಾಲೆಗೆ ಬದಲಾಯಿಸಿಕೊಡಿ ಎಂಬ ಅರ್ಜಿ ಬಂದಾಗಲೆಲ್ಲ ಬಡಾವಣೆ ಎರಡು ಪಾಲಾಗುತ್ತದೆ. ಮಕ್ಕಳಿರುವ ಮನೆಯವರು ‘ಶಾಲೆ ಬರಲಿ’ ಅಂದರೆ, ಪಕ್ಕದ ಬೀದಿಯವರು ‘ನಮ್ಮ ನೆಮ್ಮದಿ ಹೋಯಿತು’ ಅನ್ನುತ್ತಾರೆ. ಎರಡೂ ಕಡೆಯವರ ಮಾತಿನಲ್ಲಿ ಅರ್ಥವಿದೆ. ಆದರೆ ಕಡತದಲ್ಲಿ ಕೊನೆಗೆ ಉಳಿಯುವುದು ಈ ಎರಡರಲ್ಲಿ ಒಂದೂ ಅಲ್ಲ. ಅಲ್ಲಿ ಉಳಿಯುವುದು ಸರ್ವೆ ನಂಬರು, ರಸ್ತೆಯ ಅಗಲ ಮತ್ತು ಆದೇಶದಲ್ಲಿ ಬರೆದ ಷರತ್ತು. ವಾದ ಅವುಗಳ ಮೇಲೆ ನಡೆಯಬೇಕು ಎಂಬುದು ನಮ್ಮ ಬಿನ್ನಹ.

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳೋಣ. ‘ಜಾಗ ಕನ್ವರ್ಷನ್ ಆಗಿದೆ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಕೃಷಿ ಭೂಮಿಯನ್ನು ಕೃಷಿಯೇತರ ಉದ್ದೇಶಕ್ಕೆ ಪರಿವರ್ತಿಸುವುದು 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಆಗುವ ಕೆಲಸ. ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ವಸತಿ ಎಂದು ತೋರಿಸಿರುವ ಜಾಗವನ್ನು, ಶಾಲೆಯೂ ಸೇರುವ ‘ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ’ ವಲಯ ಎಂದು ಬದಲಾಯಿಸುವುದು ಬೇರೆಯೇ. ಅದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮಿನಡಿ ಯೋಜನಾ ಪ್ರಾಧಿಕಾರದಲ್ಲಿ ನಡೆದು ಸರ್ಕಾರದ ಅನುಮೋದನೆ ಪಡೆಯಬೇಕು. ಮೊದಲನೆಯದರ ಆದೇಶ ತೋರಿಸಿ ಎರಡನೆಯದೂ ಆಗಿದೆ ಎಂಬಂತೆ ಮಾತಾಡುವುದು ಎಲ್ಲ ಕಡೆ ಕಾಣುತ್ತದೆ. ನೆರೆಹೊರೆಯವರೂ ಒಂದು ಪ್ರತಿ ನೋಡಿ ‘ಎಲ್ಲಾ ಮುಗಿದಿದೆ’ ಎಂದು ಕೈಚೆಲ್ಲುತ್ತಾರೆ. ಯಾವ ಕಲಮಿನಡಿ ಹೊರಟ ಆದೇಶ ಎಂಬುದನ್ನು ಮೊದಲ ಪುಟದಲ್ಲೇ ಓದಿ.

14-ಎ ಕಲಂ ಸುಮ್ಮನೆ ಕೈಗೆ ಸಿಗುವ ರಿಯಾಯಿತಿಯಲ್ಲ. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಬೇರೆ ಯಾವ ಕಾನೂನಿಗೂ ವಿರುದ್ಧವಾಗಿರಬಾರದು, ಆ ಭಾಗದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ, ಸಲಹೆಗಳನ್ನು ಕರೆಯಬೇಕು. ಅದಕ್ಕೆ ಕನಿಷ್ಠ 15 ದಿನ ಅವಕಾಶ ಕೊಡಬೇಕು. ಪ್ರಕಟಣೆ ಒಳಪುಟದ ಮೂಲೆಯಲ್ಲಿ, ಬೆರಳುದ್ದದ ಚೌಕದಲ್ಲಿ ಬರುತ್ತದೆ. ಅದರಲ್ಲಿ ಬಡಾವಣೆಯ ಹೆಸರಿಗಿಂತ ಗ್ರಾಮ, ಹೋಬಳಿ, ಸರ್ವೆ ನಂಬರು, ಎಕರೆ-ಗುಂಟೆ ಎದ್ದು ಕಾಣುತ್ತವೆ. ನಮ್ಮ ಮನೆ ಯಾವ ಗ್ರಾಮದ ಯಾವ ಸರ್ವೆ ನಂಬರಿನ ಮೇಲೆ ನಿಂತಿದೆ ಎಂಬುದು ಗೊತ್ತಿಲ್ಲದಿದ್ದರೆ ಎದುರು ಬೀದಿಯ ಪ್ರಕಟಣೆಯನ್ನೂ ಗುರುತಿಸಲಾಗದು. ಕ್ರಯಪತ್ರದ ಷೆಡ್ಯೂಲಿನಲ್ಲಿ ಅದು ಇದ್ದೇ ಇರುತ್ತದೆ. ಬರೆದಿಟ್ಟುಕೊಳ್ಳಿ.

ಈ 15 ದಿನಗಳಲ್ಲಿ ಬಹಳಷ್ಟು ಮಂದಿ ಮಾಡುವ ಮೊದಲ ತಪ್ಪು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕಾಯುತ್ತ ಕೂರುವುದು. 2005ರ ಕಾಯ್ದೆ ಉತ್ತರಕ್ಕೆ 30 ದಿನ ಕೊಟ್ಟಿದೆ. ಉತ್ತರ ಬರುವಷ್ಟರಲ್ಲಿ ಆಕ್ಷೇಪಣೆಯ ಗಡುವು ಮುಗಿದು ವಿಷಯ ಪ್ರಾಧಿಕಾರದ ಸಭೆಗೆ ಹೋಗಿರುತ್ತದೆ. ಅರ್ಜಿ ಹಾಕುವುದು ಬೇಡ ಎನ್ನುತ್ತಿಲ್ಲ, ಅದು ಮುಂದಕ್ಕೆ ಬೇಕಾಗುತ್ತದೆ. ಆದರೆ ಅದೇ ದಿನ ಕಚೇರಿಗೆ ಹೋಗಿ, ಕಡತ ನೋಡಲು ಅವಕಾಶ ಕೊಡಿ ಎಂದು ಲಿಖಿತವಾಗಿ ಕೇಳಿ. ಕಡತದಲ್ಲಿ ನೋಡಬೇಕಾದವು ನಾಲ್ಕೈದೇ: ಪಹಣಿ, ಸರ್ವೆ ಸ್ಕೆಚ್, ಮಹಾಯೋಜನೆಯ ನಕ್ಷೆಯ ತುಣುಕು, ಸ್ಥಳ ಪರಿಶೀಲನಾ ವರದಿ, ಮತ್ತು ಸಂಪರ್ಕ ರಸ್ತೆಯ ವಿವರ.

ಈ ಕೊನೆಯದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಯಡವಟ್ಟು ಹೆಚ್ಚಾಗಿ ಅಲ್ಲೇ ಇರುತ್ತದೆ. ನಕ್ಷೆಯಲ್ಲಿ ಶಾಲೆಯ ಜಾಗಕ್ಕೆ ತಾಗಿಕೊಂಡು 18 ಮೀಟರ್ ಅಥವಾ 24 ಮೀಟರ್ ಅಗಲದ ರಸ್ತೆಯೊಂದು ಎರಡು ನೇರ ಗೆರೆಗಳಲ್ಲಿ ಹೋಗಿರುತ್ತದೆ. ಅದು ಮಹಾಯೋಜನೆಯ ಪ್ರಸ್ತಾವಿತ ರಸ್ತೆ. ಜಾಗಕ್ಕೆ ಹೋಗಿ ನಿಂತರೆ ಅಲ್ಲಿ ಇರುವುದು ಹೊಲದ ಬದು, ಒಂದು ಹೊಂಗೆ ಮರ, ಯಾರೋ ಹಾಕಿದ ಕಲ್ಲುಕಂಬದ ಬೇಲಿ. ಭೂಸ್ವಾಧೀನ ಆಗಿಲ್ಲ, ಆಗುವ ದಿನವೂ ಗೊತ್ತಿಲ್ಲ. ಹಾಗಿದ್ದರೂ ಅರ್ಜಿಯಲ್ಲಿ ‘24 ಮೀಟರ್ ರಸ್ತೆಗೆ ಹೊಂದಿಕೊಂಡಿದೆ’ ಎಂಬ ಸಾಲು ಇರುತ್ತದೆ. ಶಾಲೆ ತೆರೆದ ದಿನ ಬಸ್ಸುಗಳು ಬರುವುದು ಆ ಗೆರೆಯ ಮೇಲಲ್ಲ, ಬಡಾವಣೆಯ 30 ಅಡಿ ಅಡ್ಡರಸ್ತೆಯ ಮೇಲೆ.

ಆ 30 ಅಡಿ ರಸ್ತೆಯನ್ನು ಟೇಪು ಹಿಡಿದು ಅಳೆದು ನೋಡಿ. 30 ಅಡಿ ಎಂದರೆ 9.1 ಮೀಟರ್. ಅದು ಕಾಂಪೌಂಡಿನಿಂದ ಕಾಂಪೌಂಡಿಗೆ ಇರುವ ಅಳತೆ. ಎರಡೂ ಕಡೆ ಚರಂಡಿ, ಚರಂಡಿಯ ಮೇಲಿಂದ ಚಾಚಿದ ಗೇಟಿನ ರ‍್ಯಾಂಪು, ವಿದ್ಯುತ್ ಕಂಬ, ಅಲ್ಲಲ್ಲಿ ಟ್ರಾನ್ಸ್‌ಫಾರ್ಮರ್ ಕಟ್ಟೆ. ಇವೆಲ್ಲ ಕಳೆದರೆ ಡಾಂಬರು ಉಳಿಯುವುದು 18ರಿಂದ 20 ಅಡಿ, ಅಂದರೆ ಹೆಚ್ಚೆಂದರೆ 6 ಮೀಟರ್. ಬಸ್ಸಿನ ಅಗಲ ಎರಡೂವರೆ ಮೀಟರು, ಕನ್ನಡಿಗಳು ಬೇರೆ. ಎರಡು ಬಸ್ಸು ಎದುರಾದರೆ ನಡುವೆ ಒಬ್ಬ ಮನುಷ್ಯನೂ ಸರಾಗವಾಗಿ ನಿಲ್ಲಲಾರ. ಬದಿಯಲ್ಲಿ ಒಂದೇ ಒಂದು ಕಾರು ನಿಂತಿದ್ದರೂ ಒಂದು ಬಸ್ಸು ಹೋದ ಮೇಲೆ ಉಳಿಯುವುದು ಸ್ಕೂಟರಿನಷ್ಟು ಜಾಗ. ದೊಡ್ಡ ಬಸ್ಸು ಒಂದೇ ಬಾರಿಗೆ ಹಿಂದಿರುಗಬೇಕಾದರೆ 20 ಮೀಟರಿಗೂ ಹೆಚ್ಚು ಅಗಲ ಬೇಕು, ಆದ್ದರಿಂದ ಈ ರಸ್ತೆಯಲ್ಲಿ ಅದು ಮುಂದೆ ಹಿಂದೆ ಹೊರಳಾಡಲೇಬೇಕು. ಮಕ್ಕಳು ಓಡಾಡುವ ಹೊತ್ತಿನಲ್ಲಿ ಬಸ್ಸು ಹಿಮ್ಮುಖ ಚಲಿಸುವುದಕ್ಕಿಂತ ಅಪಾಯದ್ದು ಶಾಲೆಯ ಮುಂದೆ ಇನ್ನೊಂದಿಲ್ಲ. ಅಳೆಯುವಾಗ ರಸ್ತೆಯ ಅಗಲವಾದ ಜಾಗ ಬೇಡ, ಇಕ್ಕಟ್ಟಾದ ಜಾಗವನ್ನು ಅಳೆಯಿರಿ. ಹೆಚ್ಚಾಗಿ ಅದು ಮೋರಿಯ ಸೇತುವೆಯ ಬಳಿ ಇರುತ್ತದೆ.

ಇನ್ನು ವಾಹನದ ಲೆಕ್ಕ. ಎಲ್‌ಕೆಜಿಯಿಂದ ಹತ್ತನೇ ತರಗತಿವರೆಗೆ 30 ಸೆಕ್ಷನ್, ಸೆಕ್ಷನ್ನಿಗೆ 40 ಮಕ್ಕಳು ಎಂದಿಟ್ಟುಕೊಂಡರೆ 1,200 ಮಕ್ಕಳು. ಅರ್ಧದಷ್ಟು ಮಕ್ಕಳು ಬಸ್ಸಿನಲ್ಲಿ ಬಂದರೂ 15 ಬಸ್ಸು. ಉಳಿದ 600ರಲ್ಲಿ 100 ಮಕ್ಕಳು ನಡೆದು, 300 ಮಕ್ಕಳು ಸ್ಕೂಟರಿನಲ್ಲಿ, 200 ಮಕ್ಕಳು ಸುಮಾರು 150 ಕಾರುಗಳಲ್ಲಿ ಬರುತ್ತಾರೆ ಎಂದುಕೊಳ್ಳೋಣ. ಒಂದು ಕಾರು ನಿಂತು, ಮಗು ಇಳಿದು, ಬ್ಯಾಗು ತೆಗೆದುಕೊಂಡು, ಬಾಗಿಲು ಮುಚ್ಚಿ ಹೊರಡಲು 40 ಸೆಕೆಂಡು ಬೇಕು. ಇಳಿಸುವ ಜಾಗ ಒಂದೇ ಆದರೆ 20 ನಿಮಿಷದಲ್ಲಿ 30 ಕಾರು ಮಾತ್ರ ಮುಗಿಯುತ್ತವೆ. 150 ಕಾರಿಗೆ ಒಟ್ಟಿಗೆ ಐದು ಕಾರು ನಿಲ್ಲುವ 30 ಮೀಟರ್ ಉದ್ದದ ಅಂಚು, ಗೇಟಿನ ಒಳಗೇ ಬೇಕು. ಇದು ಬೆಳಗಿನ ಮಾತು. ಸಂಜೆಯದು ಇನ್ನೂ ಕಷ್ಟ, ಇದನ್ನು ಯಾರೂ ಗಮನಿಸುವುದಿಲ್ಲ. ಬೆಳಿಗ್ಗೆ ಕಾರು ಬಂದು ಹೋಗುತ್ತದೆ. ಸಂಜೆ ಗಂಟೆ ಬಾರಿಸುವ ಕಾಲು ಗಂಟೆ ಮೊದಲೇ ಬಂದು ಕಾಯುತ್ತದೆ. 100 ಕಾರು ಒಟ್ಟಿಗೆ ಕಾದರೆ, ಕಾರಿಗೆ 6 ಮೀಟರಿನಂತೆ 600 ಮೀಟರ್ ಸಾಲು. ಆ ಸಾಲಿನಲ್ಲಿ ಆಂಬುಲೆನ್ಸಿಗೂ ದಾರಿ ಇರುವುದಿಲ್ಲ.

ಆದ್ದರಿಂದ ಶಾಲೆಯ ಪರವಾಗಿರುವವರೂ ವಿರೋಧವಾಗಿರುವವರೂ ಒಟ್ಟಾಗಿ ಕೇಳಬಹುದಾದ ಷರತ್ತು ಇದು: ಮುಖ್ಯ ಗೇಟು ಗಡಿಗೋಡೆಯ ಸಾಲಿನಲ್ಲಿ ಬೇಡ, ಎರಡು ಬಸ್ಸು ರಸ್ತೆಗೆ ಬಾಲ ಚಾಚದೆ ನಿಲ್ಲುವಷ್ಟು, ಅಂದರೆ 25 ಮೀಟರ್ ಒಳಗಿರಲಿ. ಒಳಹೋಗುವ ದಾರಿ ಒಂದು, ಹೊರಬರುವ ದಾರಿ ಇನ್ನೊಂದು ಇರಲಿ. ಬಸ್ಸುಗಳು ಹಿಮ್ಮುಖ ಚಲಿಸದೆ ಸುತ್ತಿ ಬರುವಂತಿರಲಿ. ನಡೆದು ಬರುವ ಮಕ್ಕಳಿಗೆ ಬೇರೆ ಬದಿಯಲ್ಲಿ ಪುಟ್ಟ ಗೇಟಿರಲಿ. 15 ಬಸ್ಸು ನಿಲ್ಲಿಸಲು ಬಸ್ಸಿಗೆ 12 ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲ ಹಿಡಿದರೆ 630 ಚದರ ಮೀಟರ್, ತಿರುಗಲು ಅಷ್ಟೇ ಜಾಗ. ಎರಡೂ ಸೇರಿ ಸುಮಾರು ಎಕರೆಯ ಮೂರನೇ ಒಂದು ಭಾಗ. ಎರಡು ಎಕರೆಯ ಅರ್ಜಿಯಲ್ಲಿ ಇಷ್ಟನ್ನು ತೆಗೆದ ಮೇಲೆ ಆಟದ ಮೈದಾನ ಎಷ್ಟು ಉಳಿಯುತ್ತದೆ ಎಂದು ನಕ್ಷೆಯ ಮೇಲೆ ಬರೆದು ತೋರಿಸಲಿ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಮೈದಾನ ಕಡ್ಡಾಯ. ಬ್ಯಾಸ್ಕೆಟ್‌ಬಾಲ್ ಅಂಕಣ 28ಕ್ಕೆ 15 ಮೀಟರ್, ವಾಲಿಬಾಲ್ ಅಂಕಣ 18ಕ್ಕೆ 9 ಮೀಟರ್, ಸುತ್ತ ಓಡಾಡುವ ಜಾಗ ಬೇರೆ. ಬಸ್ಸು ನಿಲ್ಲುವ ಅಂಗಳವನ್ನೇ ‘ಬಹೂಪಯೋಗಿ ಮೈದಾನ’ ಎಂದು ತೋರಿಸುವ ನಕ್ಷೆಗಳನ್ನು ಒಪ್ಪಬೇಡಿ. ಡೀಸೆಲ್ ಸೋರಿದ ಸಿಮೆಂಟಿನ ಮೇಲೆ ಮಕ್ಕಳು ಕಬಡ್ಡಿ ಆಡಲಾರರು.

ನೀರಿನ ಲೆಕ್ಕವನ್ನು ಯಾವ ಸಭೆಯಲ್ಲೂ ಯಾರೂ ಎತ್ತುವುದಿಲ್ಲ. ಹಗಲು ಶಾಲೆಗೆ ತಲೆಗೆ ದಿನಕ್ಕೆ 45 ಲೀಟರ್ ಎಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಅಳತೆ. 1,200 ಮಕ್ಕಳಿಗೆ 54,000 ಲೀಟರ್, ಅಂದರೆ 6,000 ಲೀಟರಿನ ಒಂಬತ್ತು ಟ್ಯಾಂಕರು. ಬಡಾವಣೆ ಇನ್ನೂ ಪಾಲಿಕೆಗೋ ಸ್ಥಳೀಯ ಸಂಸ್ಥೆಗೋ ಹಸ್ತಾಂತರವಾಗದೆ, ಕಾವೇರಿ-ಕಬಿನಿ ನೀರು ಬಾರದೆ ಕೊಳವೆಬಾವಿಯ ಮೇಲೆ ನಿಂತಿದ್ದರೆ, ಆ ಒಂಬತ್ತು ಟ್ಯಾಂಕರೂ ಅದೇ 30 ಅಡಿ ರಸ್ತೆಯಲ್ಲೇ ಬರಬೇಕು. ಮಳೆನೀರು ಕೊಯ್ಲು ಮಾಡುತ್ತೇವೆ ಎಂಬುದು ಒಳ್ಳೆಯ ಮಾತು, ಮಾಡಲೇಬೇಕು. ಆದರೆ 1,000 ಚದರ ಮೀಟರ್ ತಾರಸಿಯಿಂದ, ಮೈಸೂರಿನ ಸುಮಾರು 800 ಮಿ.ಮೀ. ವರ್ಷದ ಮಳೆಯಲ್ಲಿ, ಐದರಲ್ಲಿ ನಾಲ್ಕು ಪಾಲು ಹಿಡಿದರೂ ಸಿಗುವುದು 6 ಲಕ್ಷ 40 ಸಾವಿರ ಲೀಟರ್. ಅದು 12 ದಿನಕ್ಕೂ ಸಾಲದು. ಆದ್ದರಿಂದ ಅದನ್ನು ನಳದ ನೀರಿಗೆ ಬದಲಿ ಎಂದು ಬರೆಯಲು ಬಿಡಬಾರದು.

ಬಂದ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲು ಒಳಚರಂಡಿಗೆ ಹೋಗುತ್ತದೆ. ಮನೆಗಳ ನೀರು ಬೆಳಗಿನಿಂದ ರಾತ್ರಿವರೆಗೆ ಹಂಚಿಕೊಂಡು ಹರಿಯುತ್ತದೆ. ಶಾಲೆಯ ನೀರು ಹಾಗಲ್ಲ, ಇಂಟರ್‌ವಲ್ಲಿನ 15 ನಿಮಿಷದಲ್ಲಿ, ಊಟದ ಅರ್ಧ ಗಂಟೆಯಲ್ಲಿ ಒಮ್ಮೆಗೇ ನುಗ್ಗುತ್ತದೆ. ಅಡ್ಡರಸ್ತೆಯಲ್ಲಿರುವುದು 6 ಇಂಚಿನ ಕೊಳವೆಯಾದರೆ ಮೊದಲು ಉಕ್ಕುವುದು ಇಳಿಜಾರಿನ ಕೊನೆಯ ಮನೆಯ ಮುಂದಿನ ಮ್ಯಾನ್‌ಹೋಲು. ಶಾಲೆಯ ಆವರಣದಲ್ಲೇ ತೊಟ್ಟಿ ಕಟ್ಟಿ, ನೀರನ್ನು ತಡೆದು ನಿಧಾನವಾಗಿ ಬಿಡಬೇಕು ಅಥವಾ ದೊಡ್ಡ ಕೊಳವೆಯವರೆಗೆ ಅರ್ಜಿದಾರರ ಖರ್ಚಿನಲ್ಲೇ ಸಂಪರ್ಕ ಎಳೆಯಬೇಕು. ಮಳೆನೀರಿಗೂ ಇದೇ ಮಾತು. ಎರಡು ಎಕರೆಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ 4 ಲಕ್ಷ ಲೀಟರ್. ಅಂಗಳಕ್ಕೆಲ್ಲ ಟೈಲ್ಸ್ ಹಾಕಿದರೆ ಅಷ್ಟೂ ರಸ್ತೆಗೆ ಬರುತ್ತದೆ.

ಗದ್ದಲದ ದೂರಿನ ಬಗ್ಗೆ ನಮ್ಮದು ಬೇರೆ ಅಭಿಪ್ರಾಯ. ಮಕ್ಕಳು ಆಡುವ ಸದ್ದನ್ನು ಆಕ್ಷೇಪಣೆಯಾಗಿ ಬರೆಯುವುದು ಸರಿಯಲ್ಲ, ಅದು ನಿಲ್ಲುವುದೂ ಇಲ್ಲ. ಬರೆಯುವುದಾದರೆ ಧ್ವನಿವರ್ಧಕದ ಬಗ್ಗೆ ಬರೆಯಿರಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಬೆಳಗಿನ ಪ್ರಾರ್ಥನೆಗೆ ಧ್ವನಿವರ್ಧಕ ಕಟ್ಟಡದೊಳಗೆ ಮುಖಮಾಡಿರಲಿ ಎಂಬ ಒಂದು ಸಾಲಿನ ಷರತ್ತು ಸಾಕು.

ಎಲ್ಲಕ್ಕಿಂತ ಮುಖ್ಯವಾದ ಒಂದು ಸಂಗತಿ ಚರ್ಚೆಯಲ್ಲಿ ಬರುವುದೇ ಇಲ್ಲ. ಭೂ ಉಪಯೋಗ ಬದಲಾವಣೆ ಆಗುವುದು ಜಾಗಕ್ಕೆ, ಅರ್ಜಿದಾರರಿಗಲ್ಲ. ನಕ್ಷೆಯಲ್ಲಿ ಆ ಜಾಗದ ಬಣ್ಣ ಒಮ್ಮೆ ಬದಲಾದರೆ ‘ಶಾಲೆ’ ಎಂಬ ಪದ ಅಲ್ಲಿ ಉಳಿಯುವುದಿಲ್ಲ, ‘ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ’ ಎಂಬ ವಲಯ ಉಳಿಯುತ್ತದೆ. ನಾಳೆ ಹಣ ಹೊಂದದೆ ಶಾಲೆ ಬಾರದೇ ಹೋದರೆ, ಜಾಗ ಇನ್ನೊಬ್ಬರ ಕೈಗೆ ಹೋದರೆ, ಆ ವಲಯದ ಪಟ್ಟಿಯಲ್ಲಿರುವ ಕಾಲೇಜು, ಆಸ್ಪತ್ರೆ, ಸಭಾಭವನ ಯಾವುದಕ್ಕೂ ದಾರಿ ತೆರೆದಿರುತ್ತದೆ. ಮಕ್ಕಳಿಗಾಗಿ ‘ಹೂಂ’ ಅಂದವರ ಒಪ್ಪಿಗೆ ಬೇರೆಯದಕ್ಕೆ ಬಳಕೆಯಾಗುತ್ತದೆ. ಅದಕ್ಕೆ ಎರಡು ಕಡೆ ಬೇಲಿ ಹಾಕಬೇಕು. ಮೊದಲನೆಯದಾಗಿ, ಬದಲಾವಣೆ ನಿಜಕ್ಕೂ ಬೇಕೇ ಎಂದು ಕೇಳಿ. ವಸತಿ ವಲಯದಲ್ಲೇ ಕೆಲವು ಬಗೆಯ ಶಾಲೆಗಳಿಗೆ ವಲಯ ನಿಯಮಾವಳಿಯಲ್ಲಿ ಅವಕಾಶ ಇರುತ್ತದೆ. ಅದು ಸಾಲುವ ಕಡೆ ಇಡೀ ಜಾಗದ ವಲಯವನ್ನೇ ಏಕೆ ಬದಲಿಸಬೇಕು ಎಂಬುದಕ್ಕೆ ಅರ್ಜಿದಾರರು ಉತ್ತರ ಕೊಡಲಿ. ಎರಡನೆಯದಾಗಿ, ಬದಲಾವಣೆ ಬೇಕೇ ಬೇಕು ಎಂದಾದರೆ ‘ಶಾಲೆಯ ಉದ್ದೇಶಕ್ಕೆ ಮಾತ್ರ, ಇಂತಿಷ್ಟು ವರ್ಷದೊಳಗೆ ಕಟ್ಟದಿದ್ದರೆ ಬದಲಾವಣೆ ರದ್ದು’ ಎಂಬ ಮಾತು ಪ್ರಾಧಿಕಾರದ ನಿರ್ಣಯದಲ್ಲೂ ಸರ್ಕಾರದ ಆದೇಶದಲ್ಲೂ ಇರಲಿ.

ಖಾಸಗಿ ಜಾಗದ ಅರ್ಜಿ ನೋಡುವ ಮೊದಲು ಬಡಾವಣೆಯ ಸಿಎ ನಿವೇಶನಗಳ, ಅಂದರೆ ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ಜಾಗಗಳ, ಪಟ್ಟಿ ತೆಗೆಸಬೇಕು. 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯಡಿ ಪ್ರಾಧಿಕಾರ ಮಾಡಿದ ಬಡಾವಣೆಯಲ್ಲಿ ಕನಿಷ್ಠ ಶೇ 15 ಉದ್ಯಾನ ಮತ್ತು ಆಟದ ಮೈದಾನಕ್ಕೆ, ಅದರ ಜೊತೆಗೆ ಕನಿಷ್ಠ ಶೇ 10 ನಾಗರಿಕ ಸೌಲಭ್ಯಕ್ಕೆ ಬಿಡಬೇಕಿತ್ತು. ಶಾಲೆಗೆಂದೇ ಬಿಟ್ಟ ಇಂಥ ಜಾಗ ಪಾರ್ಥೇನಿಯಂ ಬೆಳೆದು, ಕಟ್ಟಡದ ಅವಶೇಷ ಸುರಿಯುವ ತಿಪ್ಪೆಯಾಗಿ ಬಿದ್ದಿರುವಾಗ ಮನೆಗೆಂದು ಬಿಟ್ಟ ಜಾಗದಲ್ಲಿ ಶಾಲೆ ಕೇಳುವುದು ಹಿಂದುಮುಂದಾದ ಕೆಲಸ. ಸಿಎ ನಿವೇಶನ ಸಾಮಾನ್ಯವಾಗಿ ಅಗಲ ರಸ್ತೆಯ ಪಕ್ಕದಲ್ಲೇ ಇರುತ್ತದೆ ಎಂಬುದೂ ನೆನಪಿರಲಿ. ಆದರೆ ಶಾಲೆ ಬರಲಿ ಎಂಬ ಉತ್ಸಾಹದಲ್ಲಿ ಉದ್ಯಾನದ ಜಾಗಕ್ಕೆ ಕೈ ಹಾಕುವಂತಿಲ್ಲ. ಬೆಂಗಳೂರಿನಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟದ್ದನ್ನು ಸುಪ್ರೀಂ ಕೋರ್ಟು 1991ರಲ್ಲೇ ತಳ್ಳಿಹಾಕಿದೆ. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಪ್ರಕರಣ ಎಂದು ಅದನ್ನು ಇಂದಿಗೂ ಉದ್ಧರಿಸುತ್ತಾರೆ.

ಶಾಲೆ ಯಾರದು ಎಂಬುದೂ ಸಾರ್ವಜನಿಕ ಹಿತದ ಲೆಕ್ಕದಲ್ಲಿ ಬರಬೇಕು. ಕೇಂದ್ರದ 2010ರ ಶಿಕ್ಷಣ ಹಕ್ಕು ನಿಯಮಗಳಲ್ಲಿ ಒಂದರಿಂದ ಐದನೇ ತರಗತಿಗೆ 1 ಕಿಲೋಮೀಟರ್, ಆರರಿಂದ ಎಂಟಕ್ಕೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎಂದಿದೆ. ವರ್ತುಲ ರಸ್ತೆಯಾಚೆ ಸರ್ಕಾರಿ ಶಾಲೆ ಹೆಚ್ಚಾಗಿ ಹಳೆಯ ಊರಿನ ನಡುವೆ ಇರುತ್ತದೆ. ಹೊಸ ಬಡಾವಣೆಯಲ್ಲಿ ಗಾರೆ ಕೆಲಸ, ಮನೆಗೆಲಸ ಮಾಡುವವರ ಮಕ್ಕಳು ಅಲ್ಲಿಗೆ ಹೋಗಲು ದೊಡ್ಡ ರಸ್ತೆ ದಾಟಬೇಕು. ಖಾಸಗಿ ಶಾಲೆ ಬಂದರೆ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆಯ) ಸೀಟಿನಲ್ಲಿ ಬಡ ಮಕ್ಕಳೂ ಸೇರುತ್ತಾರೆ ಎಂದು ಹೇಳುವವರಿದ್ದಾರೆ. 2019-20ನೇ ಸಾಲಿನಿಂದ ನಮ್ಮ ರಾಜ್ಯದಲ್ಲಿ ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಆ ಹೊಣೆ ಇಲ್ಲದಂತೆ ನಿಯಮ ತಿದ್ದಲಾಯಿತು. ಅರ್ಜಿಯಲ್ಲಿ ಆ ಭರವಸೆ ಇದ್ದರೆ ಬರಹದಲ್ಲಿ ಎಷ್ಟು ಸೀಟು, ಯಾವ ಶುಲ್ಕ ಎಂದು ಕೇಳಿ. ನಮ್ಮ ಮನಸ್ಸು ಹೇಳುವುದಾದರೆ ಖಾಲಿ ಸಿಎ ನಿವೇಶನದಲ್ಲಿ ಮೊದಲ ಹಕ್ಕು ಸರ್ಕಾರಿ ಶಾಲೆಯದು.

ಬೆಂಕಿಯ ವಿಷಯದಲ್ಲಿ ರಾಜಿ ಕೂಡದು. 2004ರ ಜುಲೈ 16ರಂದು ಕುಂಭಕೋಣಂನ ಶಾಲೆಯಲ್ಲಿ 94 ಮಕ್ಕಳು ಸುಟ್ಟು ಸತ್ತರು. ಅಲ್ಲಿ ಗರಿಯ ಚಾವಣಿಯಿತ್ತು, ಇಕ್ಕಟ್ಟಿನ ಮೆಟ್ಟಿಲಿತ್ತು. ಆ ಪ್ರಕರಣವನ್ನು ಮುಂದಿಟ್ಟುಕೊಂಡೇ ಸುಪ್ರೀಂ ಕೋರ್ಟು 2009ರಲ್ಲಿ ಎಲ್ಲ ಶಾಲೆಗಳಿಗೂ ಕಟ್ಟಡ ಸಂಹಿತೆಯ ಸುರಕ್ಷತೆ ಕಡ್ಡಾಯ ಎಂದಿತು. ಅಗ್ನಿಶಾಮಕ ವಾಹನ ಗೇಟಿನವರೆಗೆ ಬಂದು ಕಟ್ಟಡದ ಸುತ್ತ ಹೋಗುವಂತಿರಬೇಕು. 30 ಅಡಿ ರಸ್ತೆಯಲ್ಲಿ ಸಂಜೆಯ 600 ಮೀಟರ್ ಕಾರಿನ ಸಾಲು ನಿಂತಿರುವಾಗ ಅದು ಹೇಗೆ ಬರುತ್ತದೆ ಎಂಬ ಪ್ರಶ್ನೆಯನ್ನು ಆಕ್ಷೇಪಣೆಯಲ್ಲಿ ಇದೇ ಮಾತಿನಲ್ಲಿ ಬರೆಯಬಹುದು.

ಷರತ್ತು ಬರೆಯುವ ರೀತಿಯಲ್ಲೂ ಕೆಲಸ ಕೆಡುತ್ತದೆ. ‘ಸಂಚಾರಕ್ಕೆ ಅಡಚಣೆಯಾಗದಂತೆ ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತನ್ನು ಯಾರೂ ಪರೀಕ್ಷಿಸಲಾರರು, ಆದ್ದರಿಂದ ಯಾರೂ ಪಾಲಿಸುವುದಿಲ್ಲ. ‘ಗೇಟು ಗಡಿಯಿಂದ 25 ಮೀಟರ್ ಒಳಗೆ’ ಎಂದಿದ್ದರೆ ಟೇಪು ಹಿಡಿದ ಯಾರಾದರೂ ಪರೀಕ್ಷಿಸಬಹುದು. ಕಟ್ಟಡದ ಬಳಕೆಗೆ ಸ್ವಾಧೀನ ಪತ್ರ (ಒ.ಸಿ.) ಕೊಡುವ ಮೊದಲೇ ಇವು ಮುಗಿದಿರಬೇಕು ಎಂದೂ ಸೇರಿಸಬೇಕು. ಮಕ್ಕಳು ಸೇರಿದ ಮೇಲೆ ಶಾಲೆ ಮುಚ್ಚಿಸಿ ಎಂದು ಯಾವ ಅಧಿಕಾರಿಯೂ ಹೇಳಲಾರ, ಹೇಳಲೂಬಾರದು. ಅಷ್ಟರಲ್ಲಿ ಕೋಟೆ ಕೊಳ್ಳೆ ಹೋಗಿ ದಿಡ್ಡಿ ಬಾಗಿಲು ಹಾಕಿದಂತಾಗಿರುತ್ತದೆ.

ಆಕ್ಷೇಪಣೆಯನ್ನು ಬಡಾವಣೆಯವರೆಲ್ಲ ಒಂದೇ ಒಕ್ಕಣೆಯಲ್ಲಿ ಜೆರಾಕ್ಸ್ ಮಾಡಿ ಸಹಿ ಹಾಕಿ ಕೊಡುವುದುಂಟು. ನೂರು ಪ್ರತಿ ಕೊಟ್ಟರೂ ಟಿಪ್ಪಣಿಯಲ್ಲಿ ಅದು ಒಂದೇ ಅಂಶವಾಗುತ್ತದೆ. ಬದಲಿಗೆ ಹತ್ತು ಮನೆಯವರು ಹತ್ತು ವಿಷಯ ಹಂಚಿಕೊಂಡು ಬರೆಯಿರಿ. ಒಬ್ಬರು ರಸ್ತೆಯ ಅಳತೆ, ಒಬ್ಬರು ಒಳಚರಂಡಿ, ಒಬ್ಬರು ಸಿಎ ನಿವೇಶನ. ಪ್ರಕಟಣೆಯ ದಿನಾಂಕ, ಸರ್ವೆ ನಂಬರು ಮೇಲೆ ಬರೆದು, ಅಳತೆಯ ಫೋಟೋ ಲಗತ್ತಿಸಿ, ಮೊಹರು ಬಿದ್ದ ಸ್ವೀಕೃತಿ ಪಡೆಯಿರಿ. ಶಾಲೆ ಬೇಕು ಎನ್ನುವವರೂ ಸುಮ್ಮನಿರಬೇಡಿ. ಕಾನೂನು ‘ಆಕ್ಷೇಪಣೆ’ಯ ಜೊತೆಗೆ ‘ಸಲಹೆ’ ಎಂಬ ಪದವನ್ನೂ ಇಟ್ಟಿದೆ, ಬೆಂಬಲಿಸುವ ಪತ್ರದಲ್ಲೂ ಇವೇ ಷರತ್ತುಗಳನ್ನು ಕೇಳಬಹುದು.

ಪ್ರಾಧಿಕಾರಕ್ಕೆ ನಮ್ಮದೊಂದು ಕೋರಿಕೆ. ಸ್ಥಳ ಪರಿಶೀಲನೆಯನ್ನು ಮಧ್ಯಾಹ್ನ 12 ಗಂಟೆಗೆ, ರಸ್ತೆ ಖಾಲಿ ಇರುವಾಗ ಮಾಡಬೇಡಿ. ಶಾಲೆಗಳು ನಡೆಯುತ್ತಿರುವ ದಿನ ಬೆಳಿಗ್ಗೆ ಎಂಟೂವರೆಗೆ ಬನ್ನಿ, ಹಾಲಿನ ವ್ಯಾನು, ಕಸದ ಆಟೊ, ಈಗಾಗಲೇ ಇರುವ ಶಾಲೆಗಳ ಬಸ್ಸು ಎಲ್ಲವೂ ಅದೇ ಅಡ್ಡರಸ್ತೆಯಲ್ಲಿರುವಾಗ. ಬರುವ ದಿನಾಂಕವನ್ನು ಬಡಾವಣೆಯ ಉದ್ಯಾನದ ಫಲಕದಲ್ಲಿ ಎರಡು ದಿನ ಮೊದಲು ಅಂಟಿಸಿ. ಟೇಪಿನ ಇನ್ನೊಂದು ತುದಿ ಹಿಡಿಯಲು ಜನ ಇರುತ್ತಾರೆ.

— ಬಡಾವಣೆಯ ನಿವಾಸಿಗಳು, ದಟ್ಟಗಳ್ಳಿ, ಮೈಸೂರು